ಬೆಂಚ್ ಮೇಲಿನ ವಿಂಗರ್ ಕೋಚ್ ಆದಾಗ

ಪ್ರಶ್ನೆ: ಮಿಡ್‌ಫೀಲ್ಡ್‌ನಲ್ಲಿ ಆಡಿದವರೇ ಒಳ್ಳೆ ಕೋಚ್ ಆಗ್ತಾರೆ, ವಿಂಗರ್‌ಗಳಿಗೆ ಗೆರೆ ಪಕ್ಕ ಓಡೋದಷ್ಟೇ ಗೊತ್ತು ಅಂತ ನಮ್ಮ ಸೀನಿಯರ್‌ಗಳು ಹೇಳ್ತಾರೆ. ನಾನು ಬಲಗಡೆ ವಿಂಗರ್. ಇದು ನಿಜಾನಾ ಸರ್?
– ಪಿಯು ವಿದ್ಯಾರ್ಥಿ, ಮಡಿಕೇರಿ

ಉತ್ತರ: ಅವರಿಗೆ ಪೋರ್ಚುಗಲ್‌ನ ಸೆರ್ಜಿಯೊ ಕೊನ್ಸೆಸಾವ್ ಹೆಸರು ಹೇಳಿ. ಅವರೂ ಬಲಗಡೆ ವಿಂಗರ್. ಕೋಚ್ ಆಗಿ ಪೋರ್ಟೊ ಕ್ಲಬ್‌ಗೆ 7 ವರ್ಷದಲ್ಲಿ 11 ಕಪ್ ಗೆದ್ದುಕೊಟ್ಟರು. ಆ ಕ್ಲಬ್‌ನಲ್ಲಿ ಅಷ್ಟು ಗೆದ್ದ ಕೋಚ್ ಇನ್ನೊಬ್ಬರಿಲ್ಲ.

ಆದರೆ ನನಗೆ ಅವರು ಇಷ್ಟವಾಗೋದು ಬೇರೆ ಕಾರಣಕ್ಕೆ. ಬೆಂಚ್ ಮೇಲೆ ಕೂತವನ ಸಂಕಟ ಅವರಿಗೆ ಚೆನ್ನಾಗಿ ಗೊತ್ತು. 2000ದ ಯೂರೊ ಟೂರ್ನಿಯಲ್ಲಿ ಪೋರ್ಚುಗಲ್‌ನ ಬಲಗಡೆ ಸ್ಟಾರ್ ವಿಂಗರ್ ಫಿಗೊ ಇದ್ದರು. ಫಿಗೊ ಇದ್ದ ಮೇಲೆ ಬೇರೆಯವರಿಗೆ ಜಾಗ ಎಲ್ಲಿ? ಮೊದಲೆರಡು ಪಂದ್ಯ ಗೆದ್ದಾಗಿತ್ತು. ಹಾಗಾಗಿ ಜೂನ್ 20ರಂದು ರಾಟರ್‌ಡ್ಯಾಮ್‌ನಲ್ಲಿ, ಹಿಂದಿನ ಚಾಂಪಿಯನ್ ಜರ್ಮನಿ ಎದುರು, ಫಿಗೊಗೆ ವಿಶ್ರಾಂತಿ ಕೊಟ್ಟು ಇವರನ್ನು ಇಳಿಸಿದರು. ಆ ಪಂದ್ಯದಲ್ಲಿ ಇವರು ಹೊಡೆದ ಮೂರು ಗೋಲುಗಳ ವಿಡಿಯೊ ಒಮ್ಮೆ ಹುಡುಕಿ ನೋಡಿ. ಮೊದಲನೆಯದು ಗೋಲಿನ ಹತ್ತಿರದಿಂದ ತಲೆಯಲ್ಲಿ. ಎರಡನೆಯದು ಒಳಗೆ ನುಗ್ಗಿ ದೂರದಿಂದಲೇ ಒದ್ದದ್ದು. ನೆಲಕ್ಕಂಟಿ ಹೋದ ಚೆಂಡು ಜರ್ಮನಿಯ ಗೋಲ್‌ಕೀಪರ್ ಆಲಿವರ್ ಕಾನ್ ಅಂಥವರ ಕೈಯಿಂದಲೂ ಜಾರಿತು. ಇನ್ನೊಂದನ್ನೂ ಹೊಡೆದು ಹ್ಯಾಟ್ರಿಕ್ ಮುಗಿಸಿದರು. ಪಂದ್ಯ 3-0. ಜರ್ಮನಿ ಮನೆಗೆ.

ಈಗ ಅವರು ಪೋರ್ಟೊ ಕೋಚ್ ಆದ 2017ಕ್ಕೆ ಬನ್ನಿ. ಎದುರಾಳಿ ಕ್ಲಬ್ ಬೆನ್ಫಿಕಾ ಸತತ 4 ಲೀಗ್ ಗೆದ್ದಿತ್ತು. ಖರ್ಚಿನ ನಿಯಮ ಮೀರಿದ್ದಕ್ಕೆ ಪೋರ್ಟೊ ಮೇಲೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಕಡಿವಾಣ ಹಾಕಿತ್ತು, ದುಡ್ಡು ಸುರಿದು ಹೊಸಬರನ್ನು ತರುವ ಹಾಗಿರಲಿಲ್ಲ. ಕೊನ್ಸೆಸಾವ್ ಏನು ಮಾಡಿದರು ಗೊತ್ತಾ? ಬೇರೆ ಕ್ಲಬ್‌ಗಳಿಗೆ ಸಾಲವಾಗಿ ಕಳಿಸಿದ್ದ ಆಟಗಾರರನ್ನೇ ಕರೆದು ತಂಡ ಕಟ್ಟಿದರು. ಯಾರೂ ಲೆಕ್ಕಕ್ಕಿಡದ ಮರೇಗಾ ಆ ಸಲ ಲೀಗ್‌ನಲ್ಲಿ 22 ಗೋಲು ಹೊಡೆದರು. ಅಬೂಬಕರ್, ರಿಕಾರ್ಡೊ ಪೆರೇರಾ ಕೂಡ ಹಾಗೇ ವಾಪಸ್ ಬಂದವರು. 2018ರಲ್ಲಿ ಪೋರ್ಟೊ ಚಾಂಪಿಯನ್. ಬದಿಗಿಟ್ಟವನಿಗೆ ಎಷ್ಟು ಹಸಿವಿರುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಪೋರ್ಟೊಗೆ ಮೊದಲು ಫ್ರಾನ್ಸಿನ ನಾಂಟ್ ಕ್ಲಬ್‌ನಲ್ಲಿ ಕೋಚ್ ಆಗಿದ್ದರು. 19ನೇ ಸ್ಥಾನದಲ್ಲಿದ್ದ ತಂಡವನ್ನು ಅರ್ಧ ಸೀಸನ್‌ನಲ್ಲಿ 7ಕ್ಕೆ ತಂದರು. ಹಾಗಾಗಿ ಸೀನಿಯರ್‌ಗಳ ಮಾತು ಬಿಡಿ, ನೀವು ಸುಮ್ನೆ ನಿಮ್ಮ ಆಟ ಆಡಿ. ಡಿಫೆಂಡರ್‌ಗೆ ಸಹಾಯಕ್ಕೆ ಹಿಂದಕ್ಕೆ ಓಡೋದನ್ನು ಮಾತ್ರ ಬಿಡಬೇಡಿ. ಕೊನ್ಸೆಸಾವ್ ತಂಡದಲ್ಲಿ ಅದಿಲ್ಲದ ವಿಂಗರ್‌ಗೆ ಜಾಗ ಸಿಗೋದು ಕಷ್ಟ.

ಪ್ರಶ್ನೆ: ಎಸಿ ಮಿಲಾನ್‌ನಲ್ಲಿ ಕಪ್ ಗೆದ್ದ ಮೇಲೂ ಕೋಚ್ ಕೊನ್ಸೆಸಾವ್ ಅವರನ್ನು ಕಳಿಸಿದ್ದು ಅನ್ಯಾಯ ಅಲ್ವಾ?
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ನನಗೂ ಬೇಜಾರಾಯಿತು. 2024ರ ಡಿಸೆಂಬರ್ 30ಕ್ಕೆ ಸೇರಿದವರು ಜನವರಿ 6ಕ್ಕೆ ರಿಯಾದ್‌ನಲ್ಲಿ ಇಟಲಿಯ ಸೂಪರ್ ಕಪ್ ಎತ್ತಿದರು. ಅದೂ ಅದೇ ಊರಿನ ಇಂಟರ್ ಕ್ಲಬ್ ಎದುರು 0-2 ಹಿಂದಿದ್ದು 3-2 ಗೆದ್ದು. ಆದರೆ ಲೀಗ್‌ನಲ್ಲಿ ತಂಡ 8ನೇ ಸ್ಥಾನಕ್ಕೆ ನಿಂತಿತು, ಮೇ ತಿಂಗಳಲ್ಲಿ ಇಟಲಿ ಕಪ್ ಫೈನಲ್‌ನಲ್ಲಿ ಬೊಲೊನ್ಯಾ ತಂಡಕ್ಕೆ ಸೋತಿತು. ಮಿಲಾನ್‌ನಂಥ ಕ್ಲಬ್‌ಗೆ ಅದು ಸಾಲದು. ಪೂರ್ತಿ ಸೀಸನ್ ಕೊಟ್ಟು ನೋಡಬೇಕಿತ್ತು ಅನ್ನೋದೇ ನನ್ನ ಮಾತು.

ಪ್ರಶ್ನೆ: ಕೊನ್ಸೆಸಾವ್ ಅವರ ಮಗನೂ ವಿಂಗರ್ ಅಂತೆ, ಹೌದಾ?
– ಗೃಹಿಣಿ, ಶಿವಮೊಗ್ಗ

ಉತ್ತರ: ಹೌದು, ಫ್ರಾನ್ಸಿಸ್ಕೊ. 2000ದ ಆ ಪಂದ್ಯದ ಮೇಲೆ ಪೋರ್ಚುಗಲ್ 25 ವರ್ಷ ಜರ್ಮನಿಯನ್ನು ಸೋಲಿಸಿರಲಿಲ್ಲ. 2025ರ ಜೂನ್ 4ರಂದು ಮ್ಯೂನಿಕ್‌ನಲ್ಲಿ, ನೇಷನ್ಸ್ ಲೀಗ್ ಸೆಮಿಫೈನಲ್‌ನಲ್ಲಿ, ಬದಲಿ ಆಟಗಾರನಾಗಿ ಇಳಿದು ಎಡಗಾಲಲ್ಲಿ ಸಮಬಲದ ಗೋಲು ಹೊಡೆದ. ಐದು ನಿಮಿಷಕ್ಕೆ ರೊನಾಲ್ಡೊ ಎರಡನೆಯದು ಹೊಡೆದರು. ಪಂದ್ಯ 2-1.