ಎರಡು ಸುಜೂದ್‌ಗಳ ನಡುವೆ ಏನು ಹೇಳಬೇಕು?
ನಮಾಝ್‌ನಲ್ಲಿ ಎರಡು ಸುಜೂದ್‌ಗಳ (ಹಣೆಯನ್ನು ನೆಲಕ್ಕಿಟ್ಟು ಬಾಗುವುದು) ನಡುವೆ ಕುಳಿತಾಗ ಸುಮ್ಮನಿರಬೇಕೇ ಎಂದು ಕೇಳಿದ್ದೀರಿ. ಬೇಡ, ಅಲ್ಲಿಯೂ ಬೇಡಿಕೊಳ್ಳಲು ಒಂದು ದುಆ (ಪ್ರಾರ್ಥನೆ) ಇದೆ. ‘ರಬ್ಬಿಗ್‌ಫಿರ್ ಲೀ’, ಅಂದರೆ ‘ನನ್ನ ಪ್ರಭುವೇ, ನನ್ನನ್ನು ಕ್ಷಮಿಸು’. ಪ್ರವಾದಿ ಮುಹಮ್ಮದರು (ಅವರ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ) ಇದನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಇದರ ದೀರ್ಘ ರೂಪದಲ್ಲಿ ಕರುಣೆ, ಸನ್ಮಾರ್ಗ, ಆರೋಗ್ಯ, ಜೀವನಾಧಾರವನ್ನೂ ಕೇಳಲಾಗುತ್ತದೆ. ಬದುಕಿಗೆ ಬೇಕಾದುದೆಲ್ಲ ಆ ನಾಲ್ಕಾರು ಪದಗಳಲ್ಲಿದೆ! ಅರ್ಥ ತಿಳಿದು ಹೇಳತೊಡಗಿದ ಮೇಲೆ ನನಗೆ ಆ ಕ್ಷಣವೇ ನಮಾಝ್‌ನ ಅತ್ಯಂತ ಆಪ್ತ ಗಳಿಗೆಯಾಗಿದೆ.

ಮರೆತುಹೋದರೆ ನಮಾಝ್ ಕೆಡುವುದಿಲ್ಲ, ಗಾಬರಿಯಾಗಬೇಡಿ. ಆದರೆ ತಲೆಯೆತ್ತಿದ ಕೂಡಲೇ ಮತ್ತೆ ಬಾಗುವ ಅವಸರ ಮಾತ್ರ ಬೇಡ. ಬೆನ್ನು ನೆಟ್ಟಗಾಗಿ, ದೇಹ ನಿಶ್ಚಲವಾಗುವವರೆಗೆ ಕುಳಿತುಕೊಳ್ಳಿ. ಸಮಯವಿದ್ದರೆ ಎರಡನೆಯ ಸುಜೂದ್‌ನಲ್ಲಿ ‘ಸುಬ್‌ಹಾನ ರಬ್ಬಿಯಲ್ ಅಅ್‌ಲಾ’ (ಅತ್ಯುನ್ನತನಾದ ನನ್ನ ಪ್ರಭು ಪರಮ ಪಾವನನು) ಎಂದ ಬಳಿಕ ಇನ್ನಷ್ಟು ದುಆ ಮಾಡಿ; ದಾಸನು ತನ್ನ ಪ್ರಭುವಿಗೆ ಅತಿ ಹತ್ತಿರವಿರುವುದು ಅಲ್ಲಿಯೇ.