ಕೂಲರ್ ಕೊಳ್ಳುವ ಮುಂಚೆ ಗೇರ್‌ಬಾಕ್ಸ್ ಆಯಿಲ್ ಲೆವೆಲ್ ನೋಡಿಸಿ

ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಔಟರ್ ರಿಂಗ್ ರೋಡ್ ಟ್ರಾಫಿಕ್‌ನಲ್ಲಿ 115 ಡಿಗ್ರಿ ತೋರಿಸುತ್ತಿದೆ, ಹೊರಗಿನಿಂದ ಗೇರ್‌ಬಾಕ್ಸ್ ಆಯಿಲ್ ತಣಿಸುವ ದೊಡ್ಡ ಕೂಲರ್ ತಂದು ಹಾಕಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನನ್ನ ಗಾಡಿಯೂ ಹೀಗೇ ಬಿಸಿಯಾಗುತ್ತಿತ್ತು. ಕೂಲರ್ ಹಾಕಿಸಿದ ಮೇಲೆಯೇ ಅದು ನಿಜವಾಗಿ ಹಾಳಾಯಿತು.

ನನ್ನದು 6 ಸ್ಪೀಡ್ ಆಟೋಮ್ಯಾಟಿಕ್ ಇರುವ ಡೀಸೆಲ್ ಪಿಕಪ್. ದೊಡ್ಡಬಳ್ಳಾಪುರದ ಹತ್ತಿರ ನಮ್ಮ ನರ್ಸರಿ ಇದೆ. ಗಿಡ, ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿಕೊಂಡು ಯಲಹಂಕದ ಮೇಲೆ ಬೆಂಗಳೂರಿಗೆ ಬರುವುದೇ ಅದರ ಕೆಲಸ. ಒಂದು ಏಪ್ರಿಲ್‌ನಲ್ಲಿ ಹೆಬ್ಬಾಳ ಫ್ಲೈಓವರ್ ಮೇಲೆ ಜಾಮ್ ಆದಾಗಲೆಲ್ಲ ಒಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್‌ಗೆ ಚುಚ್ಚಿ, ಫೋನ್ ಆ್ಯಪ್‌ನಲ್ಲಿ ರೀಡಿಂಗ್ ತೋರಿಸುವ ಸಾಧನ) 115 ದಾಟಿ ತೋರಿಸತೊಡಗಿತು. ಗ್ಯಾರೇಜಿನವರು ಆಯಿಲ್ ಹಳೇದಾಗಿದೆ, ಬದಲಾಯಿಸೋಣ ಅಂದರು. ಸರಿ ಅಂದೆ. ಅದು ತಪ್ಪಲ್ಲ. ತಪ್ಪಾಗಿದ್ದು ಆಮೇಲೆ, ಲೆವೆಲ್ ನೋಡುವಾಗ. ನನಗೆ ಅತಿ ದುಬಾರಿ ಬಿದ್ದಿದ್ದು ಅದೇ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಈಗಿನ ಬಹುತೇಕ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳಿಗೆ ಡಿಪ್‌ಸ್ಟಿಕ್, ಅಂದರೆ ಲೆವೆಲ್ ಅಳೆಯುವ ಕಡ್ಡಿ, ಇರುವುದಿಲ್ಲ. ಕೆಳಗೆ ಒಂದು ಓವರ್‌ಫ್ಲೋ ಪ್ಲಗ್, ಅಂದರೆ ಹೆಚ್ಚಾದ ಆಯಿಲ್ ಹೊರಬರುವ ತೂತಿನ ಮುಚ್ಚಳ, ಇರುತ್ತದೆ. ಗಾಡಿ ಸಮತಟ್ಟಾಗಿ ನಿಂತಿರಬೇಕು, ಎಂಜಿನ್ ಓಡುತ್ತಿರಬೇಕು, ಲಿವರನ್ನು ಎಲ್ಲ ಗೇರಿಗೂ ಒಮ್ಮೆ ಹಾಕಿ ಪಾರ್ಕ್‌ಗೆ ತಂದಿರಬೇಕು. ಆಯಿಲ್ ಬಿಸಿ ಕಂಪನಿ ಹೇಳಿದ ಮಟ್ಟದಲ್ಲಿ ಇರಬೇಕು. ಎಷ್ಟೋ ಗಾಡಿಗಳಲ್ಲಿ ಅದು 35ರಿಂದ 45 ಡಿಗ್ರಿ. ನಿಮ್ಮದಕ್ಕೆ ಎಷ್ಟು ಅಂತ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಆಗ ಪ್ಲಗ್ ತೆಗೆದರೆ ಆಯಿಲ್ ಸಣ್ಣಗೆ ತೊಟ್ಟಿಕ್ಕಬೇಕು. ಏನೂ ಬರಲಿಲ್ಲ ಅಂದರೆ ಕಡಿಮೆ ಇದೆ ಅಂತ ಅರ್ಥ.

ನನ್ನ ಗಾಡಿಯನ್ನು ಹೊಸ ಆಯಿಲ್ ಹಾಕಿ ಒಂದು ರೌಂಡ್ ಓಡಿಸಿಕೊಂಡು ಬಂದು, ಬಿಸಿಬಿಸಿ ಇರುವಾಗಲೇ ಪ್ಲಗ್ ತೆಗೆದರು. ಬಿಸಿಗೆ ಆಯಿಲ್ ಹಿಗ್ಗಿರುತ್ತದೆ. ಹಿಗ್ಗಿದ್ದೆಲ್ಲ ಧಾರೆಯಾಗಿ ಹೊರಗೆ ಹೋಯಿತು. ತೊಟ್ಟಿಕ್ಕುವಷ್ಟಾದಾಗ ಲೆವೆಲ್ ಸರಿ ಇದೆ ಅಂತ ಪ್ಲಗ್ ಮುಚ್ಚಿದರು. ಆಯಿಲ್ ತಣ್ಣಗಾದ ಮೇಲೆ ಲೆವೆಲ್ ಕೆಳಗೆ ಇಳಿಯಿತು. ಲೆವೆಲ್ ಕಡಿಮೆಯಾದರೆ ಏರಿನಲ್ಲಿ, ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ನೊರೆ ಬಂದ ಆಯಿಲ್‌ನಲ್ಲಿ ಒತ್ತಡ ನಿಲ್ಲುವುದಿಲ್ಲ. ಒತ್ತಡ ಇಲ್ಲದೆ ಒಳಗಿನ ಕ್ಲಚ್ ಪ್ಲೇಟ್‌ಗಳು ಗಟ್ಟಿಯಾಗಿ ಕಚ್ಚುವುದಿಲ್ಲ, ಜಾರುತ್ತವೆ. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ನೊರೆ. ಗಾಡಿ ಬಿಸಿಯಾಗುತ್ತದೆ ಅಂತ ಮಾಡಿಸಿದ ಕೆಲಸವೇ ಇನ್ನಷ್ಟು ಬಿಸಿ ಮಾಡತೊಡಗಿತು.

ಆಗಲೇ ಕೂಲರ್ ಸಲಹೆ ಬಂದಿದ್ದು. ಜೆ.ಸಿ. ರೋಡ್‌ನಲ್ಲಿ ಒಳ್ಳೆಯದೇ ತಂದು ರೇಡಿಯೇಟರ್ ಮುಂದೆ ಕೂರಿಸಿದೆವು. ಕೂಲರ್ ಒಳಗೆ, ಪೈಪ್‌ಗಳ ಒಳಗೆ ಕೂಡ ಆಯಿಲ್ ತುಂಬಬೇಕು ಅಲ್ವಾ? ಅಷ್ಟು ಆಯಿಲ್ ಮೇಲಿಂದ ಹಾಕಲಿಲ್ಲ. ಅದು ಗೇರ್‌ಬಾಕ್ಸ್‌ನ ತಳದಲ್ಲಿ ಆಯಿಲ್ ನಿಲ್ಲುವ ಪ್ಯಾನ್‌ನಿಂದಲೇ ಹೋಯಿತು. ಮೊದಲೇ ಕಡಿಮೆ ಇದ್ದ ಲೆವೆಲ್ ಮತ್ತೂ ಇಳಿಯಿತು. ಆಮೇಲೆ ಪುತ್ತೂರಿನಿಂದ ಅಡಿಕೆ ಸಸಿ ತುಂಬಿಕೊಂಡು ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಆರ್‌ಪಿಎಂ ಏರಿತು, ಗಾಡಿ ಏರಲಿಲ್ಲ. ಸುಟ್ಟ ವಾಸನೆ ಬಂತು. ಬೆಂಗಳೂರಿಗೆ ಎಳೆಸಿಕೊಂಡು ಬಂದು ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದರೆ ಕ್ಲಚ್ ಪ್ಲೇಟ್‌ಗಳು ಕಪ್ಪಾಗಿದ್ದವು.

ಅದನ್ನು ಬಿಚ್ಚಿದ ವಿಲ್ಸನ್ ಗಾರ್ಡನ್‌ನ ಹಿರಿಯ ಮೆಕ್ಯಾನಿಕ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಯಾವಾಗ ಬಿಸಿಯಾಗ್ತಿತ್ತು ಸರ್? ನಿಂತಾಗಲೋ, ಓಡುವಾಗಲೋ?" ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಶುರುವಿನಲ್ಲಿ ಜಾಮ್‌ನಲ್ಲಿ ಮಾತ್ರ, ದೇವನಹಳ್ಳಿ ಹೈವೇಯಲ್ಲಿ ಇಳಿದುಬಿಡುತ್ತಿತ್ತು ಅಂದೆ. ಅವರು ರೇಡಿಯೇಟರ್ ಮುಂದೆ ಇರುವ ಎಸಿ ಕಂಡೆನ್ಸರ್ ಸರಿಸಿ ತೋರಿಸಿದರು. ಅದಕ್ಕೂ ರೇಡಿಯೇಟರ್‌ಗೂ ನಡುವೆ ಕೋಕೋಪೀಟ್ ನಾರು, ಮಣ್ಣು ಸೇರಿ ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ನನ್ನ ಗಾಡಿಯಲ್ಲಿ ಗೇರ್‌ಬಾಕ್ಸ್ ಆಯಿಲ್ ತಣಿಯುವುದು ರೇಡಿಯೇಟರ್‌ನ ಕೆಳಗಿನ ಟ್ಯಾಂಕ್ ಒಳಗೆ. ಅದಕ್ಕೇ ಗಾಳಿ ಸಿಗದಿದ್ದರೆ ಆಯಿಲ್ ಹೇಗೆ ತಣಿಯಬೇಕು? ಅದರ ಮುಂದೆ ನಾವು ಇನ್ನೊಂದು ಕೂಲರ್ ಕೂರಿಸಿ ಗಾಳಿಗೆ ಮತ್ತಷ್ಟು ಅಡ್ಡ ಹಾಕಿದ್ದೆವು.

ನೀವು ಮೊದಲು ಮಾಡಬೇಕಾದ್ದು ನಂಬರ್ ನಂಬಬಹುದಾ ಅಂತ ನೋಡುವುದು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀ ಮಾತ್ರ ಆನ್ ಮಾಡಿ, ಎಂಜಿನ್ ಬೇಡ. ಗೇರ್‌ಬಾಕ್ಸ್ ಆಯಿಲ್, ಕೂಲೆಂಟ್, ಹೊರಗಿನ ಹವೆ ಮೂರೂ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಗೇರ್‌ಬಾಕ್ಸ್ ಒಂದೇ ತುಂಬಾ ಬೇರೆ ಇದ್ದರೆ ಸೆನ್ಸರ್ ಕೆಟ್ಟಿದೆ ಅಥವಾ ಆ್ಯಪ್ ಲೆಕ್ಕ ತಪ್ಪಿದೆ. ಕೆಲವು ಗಾಡಿಗಳಲ್ಲಿ ಎರಡು ಬಿಸಿ ಕಾಣುತ್ತವೆ: ಪ್ಯಾನ್‌ನದು ಒಂದು, ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಿಂದ ಹೊರಬರುವ ಆಯಿಲ್‌ದು ಇನ್ನೊಂದು. ಎರಡನೆಯದು ಜಾಮ್‌ನಲ್ಲಿ ಸುಮ್ನೆ ಮೇಲೆ ಜಿಗಿದು ಇಳಿಯುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ. ಪ್ಯಾನ್ 80ರಿಂದ 95ರ ಒಳಗಿದ್ದರೆ ಆರಾಮು. ಏರಿನಲ್ಲಿ 110 ಮುಟ್ಟಿ ಇಳಿದರೆ ಪರವಾಗಿಲ್ಲ. 120ರ ಮೇಲೆ ನಿಂತುಬಿಟ್ಟರೆ ಗಾಡಿ ಪಕ್ಕಕ್ಕೆ ಹಾಕಿ. ಎಂಜಿನ್ ಆಫ್ ಮಾಡಬೇಡಿ, ಪಾರ್ಕ್‌ನಲ್ಲಿಟ್ಟು ಆರ್‌ಪಿಎಂ ಸ್ವಲ್ಪ ಏರಿಸಿ, ಆಯಿಲ್ ಕೂಲರ್‌ಗೆ ಹೋಗಿಬರಲಿ.

ನಿಮ್ಮದೂ ಜಾಮ್‌ನಲ್ಲಿ ಮಾತ್ರ ಬಿಸಿಯಾಗಿ, ಹೈವೇಯಲ್ಲಿ ಇಳಿದರೆ, ಗಾಳಿಯ ಕಡೆ ನೋಡಿ. ಕಂಡೆನ್ಸರ್ ಹಿಂದಿನ ಕಸ, ಆಮೇಲೆ ಬಿಸಿ ಏರಿದಾಗ ಫ್ಯಾನನ್ನು ಜೋರಾಗಿ ತಿರುಗಿಸುವ ವಿಸ್ಕಸ್ ಕಪ್ಲಿಂಗ್. ಜಾಮ್‌ನಲ್ಲಿ ಟಾರ್ಕ್ ಕನ್ವರ್ಟರ್ ಲಾಕ್ ಆಗುವುದೇ ಇಲ್ಲ (ಎಂಜಿನ್ ಮತ್ತು ಗೇರ್‌ಬಾಕ್ಸ್ ಜಾರದೆ ನೇರ ಜೋಡಿಯಾಗಿ ತಿರುಗುವುದೇ ಲಾಕ್-ಅಪ್), ಜಾರುತ್ತಾ ಬಿಸಿ ಮಾಡುತ್ತಲೇ ಇರುತ್ತದೆ. ಫ್ಲೈಓವರ್ ಏರಿನಲ್ಲಿ ಗಾಡಿಯನ್ನು ಆಕ್ಸಿಲರೇಟರ್ ಒತ್ತಿ ಹಿಡಿದು ನಿಲ್ಲಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಬ್ರೇಕ್ ಇರುವುದು ಅದಕ್ಕೇ.

ಹೈವೇಯಲ್ಲೂ ಬಿಸಿ ಇಳಿಯದಿದ್ದರೆ ವಿಷಯ ಬೇರೆ. ಖಾಲಿ ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲದಾಗ, 80ರಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ, ಆಕ್ಸಿಲರೇಟರ್ ಬಿಡದೆ ಎಡಗಾಲಲ್ಲಿ ಬ್ರೇಕನ್ನು ಮುಟ್ಟಿದ ಹಾಗೆ ಮಾಡಿ. ಆರ್‌ಪಿಎಂ ತುಸು ಏರಿ ಮತ್ತೆ ಇಳಿದರೆ ಲಾಕ್-ಅಪ್ ಕೆಲಸ ಮಾಡುತ್ತಿದೆ. ಅಲ್ಲಾಡಲೇ ಇಲ್ಲ ಅಂದರೆ ಲಾಕ್-ಅಪ್ ಮೇಲೆ ಅನುಮಾನ ಪಡಿ, ಸ್ಕ್ಯಾನರ್‌ನಲ್ಲಿ ಖಚಿತ ಮಾಡಿಕೊಳ್ಳಿ. ದೊಡ್ಡ ಟೈರ್ ಹಾಕಿಸಿದ್ದೀರಾ ಅಂತ ನೀವು ಬರೆದಿಲ್ಲ. ಹಾಕಿಸಿದ್ದರೆ ಅದೂ ಬಿಸಿ ಜಾಸ್ತಿ ಮಾಡುತ್ತದೆ. ಆಯಿಲ್ ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ಕೂಲೆಂಟ್ ಸೇರಿದೆ, ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಗ್ಯಾರೇಜಿಗೆ ಹೋದಾಗ, ಸ್ಕ್ಯಾನರ್‌ನಲ್ಲಿ ಆಯಿಲ್ ಬಿಸಿ ತೋರಿಸಿಕೊಂಡೇ ಲೆವೆಲ್ ನೋಡ್ತೀರಾ ಅಂತ ಮೊದಲೇ ಕೇಳಿ. "ಅದೆಲ್ಲ ಬೇಡ ಸರ್" ಅಂದರೆ ಬೇರೆ ಗ್ಯಾರೇಜ್ ಹುಡುಕಿ. ಇಷ್ಟೆಲ್ಲ ಸರಿ ಮಾಡಿದ ಮೇಲೂ, ತುಂಬಿದ ಲೋಡ್‌ನಲ್ಲಿ ಘಾಟಿ ಹತ್ತುವುದೇ ನಿಮ್ಮ ದಿನದ ಕೆಲಸವಾಗಿದ್ದು ಬಿಸಿ ಇಳಿಯದಿದ್ದರೆ ಆಗ ಕೂಲರ್ ಹಾಕಿಸಿ. ರೇಡಿಯೇಟರ್‌ನ ಕೂಲರ್ ತೆಗೆಯದೆ, ಅದರ ನಂತರ ಸೇರಿಸಿ, ಲೆವೆಲ್ ಮತ್ತೊಮ್ಮೆ ಸರಿ ಮಾಡಿಸಿ. ಬೆಳಗಿನ ರೀಡಿಂಗ್ ತೆಗೆದ ಮೇಲೆ ಎಷ್ಟು ಬಂತು ಅಂತ ಬರೆಯಿರಿ, ನೋಡಿ ಹೇಳುತ್ತೇನೆ.