ಹುಲ್ಲಿನ ತಾಕಿಗೆ ವರ್ಷಾ ವರ್ಷ ಕೋಳಿ ಗೊಬ್ಬರ ಹಾಕಿದರೆ ಮಣ್ಣಿನಲ್ಲಿ ತಾಮ್ರ, ಸತು ಜಾಸ್ತಿ ಆಗುತ್ತಾ?

ಆಗುತ್ತೆ, ಆದರೆ ನಿಧಾನವಾಗಿ. ಫಾರಂ ಕೋಳಿಯ ಆಹಾರಕ್ಕೆ ತಾಮ್ರ, ಸತು, ಮ್ಯಾಂಗನೀಸ್ ಬೆರೆಸುತ್ತಾರೆ. ಕೋಳಿ ಅದರಲ್ಲಿ ಸ್ವಲ್ಪ ಮಾತ್ರ ಬಳಸಿಕೊಂಡು ಉಳಿದದ್ದನ್ನು ಹಿಕ್ಕೆಯಲ್ಲಿ ಹೊರಹಾಕುತ್ತದೆ. ಸಾರಜನಕ ಗಾಳಿಗೆ, ನೀರಿಗೆ ಹೋಗಬಹುದು. ಲೋಹಗಳು ಹಾಗಲ್ಲ, ಮೇಲ್ಮಣ್ಣಿನಲ್ಲೇ ಕೂತುಬಿಡುತ್ತವೆ. ಹುಲ್ಲುಗಾವಲನ್ನು ಉಳುವುದೂ ಇಲ್ಲವಲ್ಲ, ಹಾಗಾಗಿ ಮೇಲಿನ ಕೆಲವು ಇಂಚಿನಲ್ಲೇ ಶೇಖರಣೆ.

ಸತು ಕಡಿಮೆ ಇರುವ ಹೊಲಕ್ಕೆ ಮೊದಲ ಕೆಲವು ವರ್ಷ ಇದರಿಂದ ಲಾಭವೇ. ಹಸುಗಳಿಗೂ ಅಷ್ಟು ಬೇಗ ತೊಂದರೆಯಿಲ್ಲ. ನನಗೆ ಭಯ ಕುರಿಗಳದ್ದು. ಅರಸೀಕೆರೆ, ಕಡೂರಿನ ಕಡೆ ಕುರಿ ಮೇಯಿಸುವವರು ಇದನ್ನು ಗಮನಿಸಬೇಕು. ತಾಮ್ರ ಕುರಿಯ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಸುಮ್ನೆ ಸೇರುತ್ತಾ ಹೋಗಿ, ಒಂದು ದಿನ ಇದ್ದಕ್ಕಿದ್ದಂತೆ ರಕ್ತಕ್ಕೆ ಬರುತ್ತದೆ. ಕಣ್ಣು ಹಳದಿ, ಮೂತ್ರ ಕೆಂಪು, ಆಮೇಲೆ ಸಾವು. ಹುಲ್ಲಿನ ಬೇರಿಗಿಂತ, ಎಲೆಗೆ ಅಂಟಿದ ಗೊಬ್ಬರವೇ ಹೆಚ್ಚು ತಾಮ್ರ ಒಳಗೆ ಕಳಿಸುತ್ತದೆ. ಆದ್ದರಿಂದ ಹಾಕಿದ ಮೇಲೆ ಒಳ್ಳೆ ಮಳೆ ಬಿದ್ದು ಎಲೆ ತೊಳೆಯುವವರೆಗೆ ಮೇಯಲು ಬಿಡಬೇಡಿ.

ಮಲೆನಾಡಿನ ಹುಳಿ ಮಣ್ಣಿನಲ್ಲಿ ಲೋಹಗಳು ಗಿಡಕ್ಕೆ ಸುಲಭವಾಗಿ ಸಿಗುತ್ತವೆ, ಅಲ್ಲಿ ಸುಣ್ಣ ಹಾಕಿದರೆ ಹಿಡಿತಕ್ಕೆ ಬರುತ್ತದೆ. ಹಾಸನದವರಾದರೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮಣ್ಣು ಪರೀಕ್ಷೆಗೆ ಕೊಡುವಾಗ ಸತು, ತಾಮ್ರವನ್ನೂ ನೋಡಿ ಅಂತ ಹೇಳಲು ಮರೆಯಬೇಡಿ.